ಮಾತೆಯ ಮುಂದಿನ ಮನೆ

ಹೊಳೆಕೊಪ್ಪ
ಸಾಗರ–ಹೊಸನಗರ ರಸ್ತೆ
16 ಅಕ್ಟೋಬರ್ 2024, ಬುಧವಾರ

ಪ್ರೀತಿಯ ಲವೀನಾ,

ಮಮ್ಮಿಯ ಮುತ್ತುಗಳು. ಗದಗದ ಬಿಸಿಲಿನಲ್ಲಿ ಶಾಲೆಯ ಮಕ್ಕಳನ್ನು ಓಡಿಸಿ, ಸೀಟಿ ಊದಿ ಊದಿ ಗಂಟಲು ಕಟ್ಟಿಸಿಕೊಂಡಿದ್ದರೂ ಮಿಕ್ಕಂತೆ ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಆಗಸ್ಟಿನಲ್ಲೇ ಬರೆಯಬೇಕಿದ್ದ ಕಾಗದ ಇದು. ಮೂರು ಸಲ ಶುರು ಮಾಡಿ ಮೂರೂ ಸಲ ಒಲೆಗೆ ಹಾಕಿದೆ. ತಡವಾದದ್ದಕ್ಕೆ ಬೈಯಬೇಡ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ಚರ್ಚ್ ಎಂದ ಕೂಡಲೇ ‘ಆಮೇಲೆ ಮಾಡ್ತೀನಿ ಮಮ್ಮಿ’ ಎಂದು ಇಟ್ಟುಬಿಡುವವಳು ನೀನು. ಕಾಗದವಾದರೆ ಅರ್ಧಕ್ಕೆ ಇಟ್ಟರೂ ಮತ್ತೆ ತೆಗೆಯಬಹುದು. ಆಡುವುದು ಕೊಂಕಣಿಯಾದರೂ ನನಗೆ ಬರೆಯಲು ಬರುವುದು ಕನ್ನಡವೇ, ಅದೂ ಏಳನೇ ಕ್ಲಾಸಿನ ಕನ್ನಡ. ತಪ್ಪು ಹುಡುಕಬೇಡ.

ಹೊಲಿಗೆ ಮೆಷಿನ್ನಿಗೆ ಮೋಟಾರು ಹಾಕಿಸಿದ್ದೇನೆ. ಮೊಣಕಾಲಿಗೆ ಇನ್ನು ಮೆಟ್ಟಲಾಗುವುದಿಲ್ಲ. ಈಗ ಬಟ್ಟೆ ನನಗಿಂತ ಮುಂದೆ ಓಡುತ್ತದೆ. ನಿನ್ನೆ ಒಂದು ಫ್ರಾಕಿನ ತೋಳನ್ನು ಮೂರು ಸಲ ಬಿಚ್ಚಿ ಮೂರು ಸಲ ಹೊಲಿದೆ. ಮನಸ್ಸು ಕೂತಲ್ಲಿ ಕೂರುತ್ತಿಲ್ಲ.

ಫಾದರ್ ವಲೇರಿಯನ್ ವಿಷಯ ಪೇಪರಿನಲ್ಲಿ ನೋಡಿರುತ್ತೀಯ. ನಮ್ಮಲ್ಲಿ ಐದು ವರ್ಷ ಇದ್ದು ಹೋದವರು ಎಲ್ಲೆಲ್ಲೋ ತಿರುಗಿ ಈಗ ತೀರ್ಥಹಳ್ಳಿ ಕಡೆಯ ಒಂದು ಹಾಸ್ಟೆಲ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಅಡಿಗೆ ಮಾಡುವ ಸಿಸಿಲಿಯಾ ಎಂಬವಳು ತನ್ನ ಹದಿಮೂರು ವರ್ಷದ ಮಗಳ ಮೈಮೇಲೆ ಫಾದರ್ ಕೈ ಹಾಕಿದ್ದಾರೆ ಎಂದು ಜುಲೈಯಲ್ಲಿ ಪೊಲೀಸರಿಗೆ ಬರೆದುಕೊಟ್ಟಳು. ಅವತ್ತಿನಿಂದ ನಮ್ಮ ಚರ್ಚಿನಲ್ಲಿ ನೆಮ್ಮದಿ ಇಲ್ಲ. ಲಿಂಗನಮಕ್ಕಿ ಡ್ಯಾಮು ಕಟ್ಟುವಾಗ ಕೂಲಿಗೆ ಬಂದ ನಮ್ಮ ಅಜ್ಜಂದಿರು ಕಲ್ಲು ಹೊತ್ತು ಎಬ್ಬಿಸಿದ ಚರ್ಚು. ಮೊದಲು ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು ಕೂರುತ್ತಿದ್ದರು. ಈಗ ಎಡಕ್ಕೆ ಸಿಸಿಲಿಯಾಳನ್ನು ನಂಬಿದವರು, ಬಲಕ್ಕೆ ಫಾದರನ್ನು ನಂಬಿದವರು. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹೇಳಿ ಕೈಮುಗಿಯಬೇಕಲ್ಲ, ಆಗ ಎಲ್ಲರೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ಈಗಿನ ಫಾದರ್ ಚಿಕ್ಕವರು, ಪಾಪ, ಎರಡೂ ಕಡೆಗೆ ನಗುತ್ತಾ ನಗುತ್ತಾ ಸೊರಗಿಹೋಗಿದ್ದಾರೆ.

ನಿನ್ನ ಹಿಲರಿ ಬಾಪ್ಪು ಈಗ ನಮ್ಮ ವಾರ್ಡಿನ ಗುರ್ಕಾರ, ಚರ್ಚಿನ ಕಡೆಯಿಂದ ವಾರ್ಡಿಗೆಲ್ಲ ಮುಖಂಡ. ಫಾದರ್ ನಿರಪರಾಧಿ ಎಂಬ ಮನವಿಗೆ ಸಹಿ ಹಾಕಿಸುತ್ತಾ ಮನೆ ಮನೆ ತಿರುಗಿದ್ದಾನೆ. ನಮ್ಮಲ್ಲಿಗೂ ಬಂದ.

“ಅತ್ತಿಗೆ, ನಿಮ್ಮ ಸಹಿ ಎಲ್ಲಾರ್ದಕ್ಕಿಂತ ಮುಖ್ಯ. ಐದು ವರ್ಷ ಅವರ ಬಟ್ಟೆ ಹೊಲ್ದು, ಇಸ್ತ್ರಿ ಮಾಡಿ, ಒಳಗೆಲ್ಲ ಓಡಾಡ್ದೋರು ನೀವು. ನಿಮಗೆ ಗೊತ್ತಿಲ್ದೆ ಇರ್ತದಾ?”

ಕೈಯಲ್ಲಿ ಎಣ್ಣೆ ಇದೆ, ಆಮೇಲೆ ಬಾ ಎಂದೆ. ಮಾರನೇ ದಿನ ಬಂದ. ಕನ್ನಡಕ ಸಿಗುತ್ತಿಲ್ಲ ಎಂದೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು, ಲವಿ. ಅವನು ಅದನ್ನು ನೋಡಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದ.

ಅದರ ಮೇಲೆ ಜಪಮಾಲೆಯ ತಿಂಗಳು. ಗಾಜಿನ ಪೆಟ್ಟಿಗೆಯಲ್ಲಿರುವ ಮಾತೆ ಮರಿಯಮ್ಮನ ಪ್ರತಿಮೆಯನ್ನು ದಿನಕ್ಕೊಂದು ಮನೆಗೆ ಒಯ್ಯುವುದು ನಿನಗೆ ನೆನಪಿರಬೇಕು, ಮೆರವಣಿಗೆಯ ಮುಂದೆ ಮೇಣದಬತ್ತಿ ಹಿಡಿಯಲು ನೀನು ಜಗಳವಾಡುತ್ತಿದ್ದೆ. ಹತ್ತನೇ ತಾರೀಖು ಮಾತೆ ನಮ್ಮ ಮನೆಗೆ ಬಂದಳು. ಮಾರನೇ ಸಂಜೆ ಮುಂದಿನ ಮನೆಯವರು ಬಂದು ಜಪ ಮುಗಿಸಿ ಒಯ್ಯಬೇಕು. ಮುಂದಿನ ಮನೆ ಹಿಲರಿಯದೇ. ಅವನು ಬರಲಿಲ್ಲ. ‘ಸಹಿ ಹಾಕದವರ ಮನೆಯಿಂದ ನಾನು ಮಾತೆಯನ್ನು ತಗೊಳ್ಳೋದಿಲ್ಲ’ ಅಂದನಂತೆ. ಗುರ್ಕಾರನೇ ಬಾರದ ಮೇಲೆ ಆಚೆಯ ಮನೆಯವರೂ ಬರಲಿಲ್ಲ. ಇವತ್ತಿಗೆ ಆರು ದಿನ, ಮಾತೆ ನನ್ನ ಮೆಷಿನ್ನಿನ ಎದುರೇ ಇದ್ದಾಳೆ. ಅವಳ ಎದುರಿಗೆ ಕೂತು ನನಗೆ ಹೊಲಿಯಲು ಆಗುತ್ತಿಲ್ಲ. ಮೆಷಿನ್ನು ಅಡಿಗೆಮನೆಗೆ ಎಳೆದೆ, ಅಲ್ಲಿ ಬೆಳಕು ಸಾಲದೆ ವಾಪಸ್ಸು ತಂದೆ.

ಸಂಜೆ ಜಪಕ್ಕೆ ಎಡಗಡೆಯ ಬೆಂಚಿನವರು ಮಾತ್ರ ಬರುತ್ತಾರೆ. “ನೀವು ನಮ್ಮ ಕಡೆ ಅಂತ ನಂಗೊತ್ತಿತ್ತು ಬಾಯಿ” ಎಂದು ಜೂಲಿ ಬಾಯಿ ನನ್ನ ಕೈ ಹಿಡಿದುಕೊಂಡಳು. ಗೆದ್ದವಳ ಹಾಗಿತ್ತು ಅವಳ ಮುಖ. ನನಗೆ ಸಿಟ್ಟು ಬಂತು. “ಇದೇನು ಕಬಡ್ಡಿನಾ, ಕಡೆ ಲೆಕ್ಕ ಹಾಕೋಕೆ?” ಎಂದೆ. ಅವಳಿಗೆ ಬೇಜಾರಾಯಿತು. ಆದರೂ ಮಾರನೇ ದಿನ ಬಂದಳು. ಜಪ ನಡೆಸುವವಳು ನಾನು, ನಮೋ ಮರಿಯಾ ಏಳನೆಯದಕ್ಕೆ ಬಂದಾಗ ನನ್ನ ದನಿ ನಿಂತುಬಿಡುತ್ತದೆ. ದಿನವೂ ಹಾಗೆಯೇ. ಉಳಿದದ್ದನ್ನು ಅವಳು ಹೇಳಿ ಮುಗಿಸುತ್ತಾಳೆ.

ಇನ್ನು ಕಾಗದ ಒಲೆಗೆ ಹಾಕಿಸಿದ ವಿಷಯಕ್ಕೆ ಬರುತ್ತೇನೆ. ಮೊನ್ನೆ ಸೋಮವಾರ ಸಿಸಿಲಿಯಾ ತಾನೇ ಬಂದಿದ್ದಳು. ತೀರ್ಥಹಳ್ಳಿಯಿಂದ ಎರಡು ಬಸ್ಸು ಬದಲಿಸಿ, ಸ್ಟಾಪಿನಲ್ಲಿ ನನ್ನ ಮನೆ ಕೇಳಿಕೊಂಡು. ನಲವತ್ತು ದಾಟಿಲ್ಲ, ಕೈತುಂಬ ಒಲೆಯ ಸುಟ್ಟ ಕಲೆ. ಚಹಾ ಕೊಟ್ಟೆ.

“ಫಾದರ್ ಇಲ್ಲಿದ್ದಾಗ ಇಂಥದ್ದೇನಾದ್ರೂ ಇತ್ತಾ ಬಾಯಿ?” ಅಂದಳು.

“ನಂಗೇನೂ ಗೊತ್ತಿಲ್ಲ” ಎಂದೆ. ಮಾತೆ ಅಲ್ಲೇ ಇದ್ದಳು.

ಅವಳು ಒತ್ತಾಯ ಮಾಡಲಿಲ್ಲ. ಲೋಟ ತಾನೇ ತೊಳೆದಿಟ್ಟಳು. ಹೊರಡುವಾಗ, “ನನ್ ಮಗಳು ಹೇಳಿದ್ ದಿನ ನಾನೂ ಅವಳ ಕೆನ್ನೆಗೆ ಒಂದು ಬಿಟ್ಟೆ ಬಾಯಿ. ಮಾರನೇ ದಿನ ನಂಬಿದೆ. ಒಂದೇ ದಿನ ತಡ ಆಯ್ತು, ಅದನ್ನೇ ತಡ್ಕೊಳಕ್ಕಾಗ್ತಿಲ್ಲ” ಅಂದಳು.

ಅವಳಿಗೆ ಒಂದು ದಿನ. ನನಗೆ ಹತ್ತೊಂಬತ್ತು ವರ್ಷ.

ನೀನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಮೆಷಿನ್ನಿನ ಹತ್ತಿರ ಬಂದು ಫಾದರ್ ಬಗ್ಗೆ ಒಂದು ಮಾತು ಹೇಳಿದ್ದೆ. ನಾನು ಅವರದೇ ಬಿಳಿ ನಿಲುವಂಗಿಗೆ ಅಂಚು ಹೊಲಿಯುತ್ತಿದ್ದೆ. ಊರಿನಲ್ಲಿ ಎಷ್ಟೋ ಹೆಂಗಸರಿದ್ದರೂ ಆ ಕೆಲಸ ನನಗೆ ಬಂದಿದೆ ಎಂಬ ಸೊಕ್ಕು ಇತ್ತು. ತಲೆ ಎತ್ತದೆ ‘ಸುಳ್ಳು ಹೇಳಬೇಡ’ ಎಂದೆ. ನೀನು ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಪಿಯುಸಿ ಮುಗಿದ ಮೇಲೆ ನೀನು ಚರ್ಚಿಗೆ ಬರುವುದು ಬಿಟ್ಟಾಗ, ಹುಡುಗಿಗೆ ಕೊಬ್ಬು ಎಂದು ನಾನೇ ಎಲ್ಲರೆದುರು ಹೇಳಿಕೊಂಡು ತಿರುಗಿದೆ.

24ನೇ ತಾರೀಖು, ಗುರುವಾರ, ತೀರ್ಥಹಳ್ಳಿಗೆ ಹೋಗಿ ಪೊಲೀಸರ ಮುಂದೆ ಹೇಳಿಕೆ ಕೊಡಬೇಕೆಂದಿದ್ದೇನೆ. ಹಳೆಯದು ಗೊತ್ತಿದ್ದವರು ಯಾರಾದರೂ ಹೇಳಿದರೆ ಆ ಹುಡುಗಿಯ ಮಾತಿಗೆ ಬಲ ಬರುತ್ತದೆ ಎಂದು ಅಲ್ಲಿನ ಪೊಲೀಸ್ ಮೇಡಂ ಸಿಸಿಲಿಯಾಗೆ ಹೇಳಿದ್ದಾರಂತೆ. ಆದರೆ ನನ್ನ ಬಾಯಲ್ಲಿರುವುದು ನಿನ್ನ ಮಾತು. ಅದನ್ನು ಒಂದು ಸಲ ಕೇಳದೆ ತಳ್ಳಿದೆ, ಈಗ ಕೇಳದೆ ಹಂಚಲಾರೆ. ನೀನು ಬೇಡ ಎಂದರೆ ನಿನ್ನ ಹೆಸರು ನನ್ನಿಂದ ಹೊರಡುವುದಿಲ್ಲ. ಆಗ ಫಾದರ್ ಪರವಾಗಿ ಸಹಿ ಹಾಕುವುದಿಲ್ಲ ಎಂದಷ್ಟೇ ಬರೆದುಕೊಟ್ಟು ಬರುತ್ತೇನೆ. ಹೂಂ ಅಥವಾ ಬೇಡ, ಒಂದೇ ಪದದ ಮೆಸೇಜು ಸಾಕು. ಯಾವುದು ಬಂದರೂ ನಾನು ಮರುಮಾತಾಡುವುದಿಲ್ಲ.

ಇನ್ನೊಂದು ನಿಶ್ಚಯ ಮಾಡಿದ್ದೇನೆ. ಹೋಗುವಾಗ ಗಾಜಿನ ಪೆಟ್ಟಿಗೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ಮಾತೆಯ ಮುಂದಿನ ಮನೆ ಸಿಸಿಲಿಯಾಳದು. ಹಿಲರಿ ಕಳ್ಳತನ ಅನ್ನಬಹುದು. ಅನ್ನಲಿ, ಅವನಿಗೆ ಆರು ದಿನ ಬಾಗಿಲು ತೆರೆದೇ ಇತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾತೆ ನಿನ್ನನ್ನು ಕಾಯಲಿ ಎಂದು ಬರೆಯಲು ನನಗೆ ಯಾವ ಮುಖ ಇದೆಯೋ ಗೊತ್ತಿಲ್ಲ. ಆದರೂ ಬೇರೆ ಹಾರೈಕೆ ನನಗೆ ಬರುವುದಿಲ್ಲ, ಅದನ್ನೇ ಬರೆದಿದ್ದೇನೆ.

ನಿನ್ನ ಮಮ್ಮಿ,
ಎಮಿಲ್ಡಾ

ಮತ್ತೆ: ಅಂಟಿಸಿದ ಕವರನ್ನು ಬಿಡಿಸಿ ಬರೆಯುತ್ತಿದ್ದೇನೆ. ಮೇಲೆ ಅರ್ಧವನ್ನು ಮುಚ್ಚಿಟ್ಟೆ. ‘ಸುಳ್ಳು ಹೇಳಬೇಡ’ ಎಂದು ನಾನು ಅಷ್ಟಕ್ಕೇ ಬಿಟ್ಟಿರಲಿಲ್ಲ. ಗುರುಗಳ ಮೇಲೆ ಸುಳ್ಳು ಹೇಳಿದ್ದು ಪಾಪ, ಅದನ್ನು ಒಪ್ಪಿಕೋ ಎಂದು ಆ ಶನಿವಾರ ನಿನ್ನನ್ನು ಪಾಪನಿವೇದನೆಗೆ ಎಳೆದುಕೊಂಡು ಹೋದೆ. ನಮ್ಮ ಚರ್ಚಿಗೆ ಇದ್ದವರು ಒಬ್ಬರೇ ಗುರುಗಳು. ಜಾಲರಿಯ ಆಚೆ ಕೂತವರು ಯಾರೆಂದು ನನಗೆ ಗೊತ್ತಿತ್ತು, ನಿನಗೂ ಗೊತ್ತಿತ್ತು. ನೀನು ನನ್ನ ಸೆರಗು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೊಣಕಾಲೂರಿಸಿದವಳು ನಾನು. ಹೊರಗೆ ಬಂದ ಮೇಲೆ, ಏನು ಪ್ರಾಯಶ್ಚಿತ್ತ ಕೊಟ್ಟರು ಎಂದು ಕೇಳಿದೆ. ‘ಹತ್ತು ನಮೋ ಮರಿಯಾ’ ಅಂದೆ ನೀನು. ನಾನು ಪಕ್ಕದಲ್ಲೇ ಕೂತು ಬೆರಳು ಮಡಿಚಿ ಎಣಿಸಿದೆ. ಏಳು ಹೇಳಿ ನೀನು ನಿಲ್ಲಿಸಿಬಿಟ್ಟೆ.

‘ಇನ್ನೂ ಮೂರು ಇದೆ’ ಎಂದವಳು ನಾನು, ಮಗಳೇ.