ಜಾನಕಿಯಕ್ಕನ ಕೆಪ್ಲರ್ ವಾಚ್

ಕೋಪರಿ, ಠಾಣೆ ಪೂರ್ವ
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಜಾನಕಿಯಕ್ಕನಿಗೆ,

ಜಯಲತಾಳ ನಮಸ್ಕಾರ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡೂ ಹರಿದು ಬಿಸಾಡದೆ ಇಲ್ಲಿಯವರೆಗೆ ಓದಿದ್ದೀರಿ ಎಂದರೆ ಅರ್ಧ ಗೆದ್ದೆ. ಏಳು ವಾರ ತಡವಾಯಿತು, ಕ್ಷಮಿಸಿ. ಠಾಣೆಯಿಂದ ಸಾನಪಾಡಾಕ್ಕೆ ಲೋಕಲ್ಲಿನಲ್ಲಿ ಅರ್ಧ ಗಂಟೆ. ಅಷ್ಟು ದೂರಕ್ಕೆ ಅಂಚೆಯಲ್ಲಿ ಕಾಗದ ಹಾಕುವವಳು ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ವಾಟ್ಸಾಪಿನಲ್ಲಿ ನೀವು ನನ್ನನ್ನು ಬ್ಲಾಕ್ ಮಾಡಿದ್ದೀರಿ. ನಿಮ್ಮ ಅಭಯನ ಮೊಬೈಲಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ಅವನು "ಅಮ್ಮ ಮಲಗಿದಾರೆ ಆಂಟಿ" ಎಂದ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದೀರಿ, ಸಂಜೆ ಐದಕ್ಕೂ ಮಲಗಿದ್ದೀರಿ. ಹಿಂದಿನಿಂದ ಒಗ್ಗರಣೆ ಚಟಪಟ ಎನ್ನುತ್ತಿತ್ತು. ನಿದ್ದೆಯಲ್ಲಿ ಒಗ್ಗರಣೆ ಹಾಕುವವರನ್ನು ನಾನು ಕಂಡದ್ದು ಇದೇ ಮೊದಲು.

ಫೆಬ್ರವರಿಯಲ್ಲಿ ನಿಮಗೆ ಇಷ್ಟವೆಂದು ಪತ್ರೊಡೆ ಮಾಡಿಕೊಂಡು ನಿಮ್ಮ ಸೊಸೈಟಿಯ ಗೇಟಿನವರೆಗೂ ಬಂದಿದ್ದೆ. ವಾಚ್‌ಮನ್ ಇಂಟರ್‌ಕಾಮ್ ಎತ್ತಿ ಕೇಳಿದ, ಆಮೇಲೆ ನನ್ನ ಮುಖ ನೋಡಿ "ಮೇಡಂ ಘರ್ ಪೇ ನಹೀ ಹೈ" ಎಂದ. ಅಕ್ಕ, ಆ ಇಂಟರ್‌ಕಾಮ್ ಎಷ್ಟು ಜೋರು ಮಾರಾಯ್ರೆ! "ಇಲ್ಲ ಅಂತ ಹೇಳಪ್ಪಾ ಅವಳಿಗೆ" ಎಂದು ನೀವು ಅಭಯನಿಗೆ ಅಚ್ಚ ಮೈಸೂರು ಕನ್ನಡದಲ್ಲಿ ಹೇಳಿದ್ದು ಪಕ್ಕದ ಕಿರಾಣಿ ಅಂಗಡಿಯವನಿಗೂ ಕೇಳಿಸಿತು. ಪತ್ರೊಡೆಯನ್ನು ವಾಚ್‌ಮನ್‌ಗೇ ಕೊಟ್ಟು ಬಂದೆ. ಅವನು ಚೆನ್ನಾಗಿದೆ ಎಂದನಂತೆ, ಅಭಯನೇ ಹೇಳಿದ.

ಸುತ್ತಿ ಬಳಸಿ ಬರೆಯುವುದಿಲ್ಲ. ಜನವರಿಯಲ್ಲಿ ಡೊಂಬಿವಲಿಯ ನಮ್ಮ ಸಂಘದ ಅರಿಶಿನ ಕುಂಕುಮದ ದಿನ, ಐವತ್ತು ಹೆಂಗಸರ ಎದುರು ನಾನು ಮೈಕ್ ಹಿಡಿದು ನಿಮ್ಮ ಮರ್ಯಾದೆ ಕಳೆದೆ. ನಲವತ್ತು ವರ್ಷದ ಸ್ನೇಹವನ್ನು ಐದು ನಿಮಿಷದ ಚಪ್ಪಾಳೆಗೆ ಕೊಟ್ಟುಬಿಟ್ಟೆ. ಅದನ್ನು ವಾಪಸು ಕೇಳಲಿಕ್ಕೆ ಈ ಕಾಗದ. ಬೇರೆ ಉದ್ದೇಶವೇನೂ ಇಲ್ಲ.

ಆದರೆ ಅದಕ್ಕೂ ಮೊದಲು ಮನೆಯಲ್ಲಿ ನಡೆದದ್ದನ್ನು ನೀವು ಕೇಳಲೇಬೇಕು. ಮೈಕಿನಲ್ಲಿ ನಾನು ಹೇಳಿದ್ದು ಕಾಲು ಭಾಗ ಮಾತ್ರ.

ಡಿಸೆಂಬರ್ ರಜೆಯಲ್ಲಿ ಮೊಮ್ಮಗಳು ಅನುಷ್ಕಾ ಟೀವಿಯಲ್ಲಿ ಏನೋ ಹುಡುಕುತ್ತಾ ಕೂತಿದ್ದಳು. ಅವಳಿಗೆ ಈಗ ಹಳೆಯದರ ಹುಚ್ಚು. ಹಳೆಯ ಹಾಡು, ಹಳೆಯ ಕ್ಯಾಮೆರಾ, ಅಜ್ಜನ ಹಳೆಯ ಶರ್ಟು. "ಅಜ್ಜಿ, ಯೇ ದೇಖೋ, ಬ್ರಿಟಿಷ್ ಶೋ, ಕಿತನಾ ಫನ್ನಿ ಹೈ" ಎಂದು ಕರೆದಳು. ನೋಡಿದರೆ ತಗಡಿನ ಡಬ್ಬದಂಥ ಆಕಾಶದ ಹಡಗು, ಬಾಗಿಲು ತೆರೆದರೆ ಗೋಡೆಯೇ ಅಲುಗಾಡುತ್ತದೆ. ನನಗೆ ಮೈ ಜುಂ ಎಂದಿತು. ಕೆಪ್ಲರ್ ವಾಚ್! ಎಂಬತ್ತನಾಲ್ಕರಲ್ಲಿ, ಡೊಂಬಿವಲಿಯ ಆ ಬಿಲ್ಡಿಂಗಿನಲ್ಲಿ ನಮ್ಮದು ನಿಮ್ಮದು ಎದುರು ಬದುರು ಬಾಗಿಲು ಇದ್ದಾಗ, ಪ್ರತಿ ಗುರುವಾರ ಸಂಜೆ ನಿಮ್ಮ ಮನೆಯ ಕಪ್ಪು ಬಿಳುಪು ಟೀವಿಯ ಎದುರು ನಾವು ನೋಡುತ್ತಿದ್ದದ್ದು! ಕಾರ್ಕಳದ ಕನ್ನಡ ಶಾಲೆಯಿಂದ ನೇರ ಮುಂಬಯಿಗೆ ಬಂದಿಳಿದ ನನಗೆ ಇಂಗ್ಲಿಷ್ ಎಲ್ಲಿ ಬರಬೇಕು? ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದ ನೀವು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಿಕೊಡುತ್ತಿದ್ದಿರಿ.

ನಾನು ಮಗ ರಂಜನ್‌ನನ್ನು, ಸೊಸೆ ಶರ್ಮಿಳಾಳನ್ನು, ಎಲ್ಲರನ್ನೂ ಕರೆದು ಕೂರಿಸಿದೆ. "ನೋಡಿ, ಕಥೆ ನನಗೆ ಬಾಯಿಪಾಠ. ಆ ಹಸಿರು ಮುಖದವರು ಇದ್ದಾರಲ್ಲ, ಅವರು ಗಂಡಿನ ಕಡೆಯವರು. ಇವರಿಗೆ ಬೀಗರು" ಎಂದೆ.

ಕೆಳಗೆ ಹಿಂದಿಯಲ್ಲಿ ಅಕ್ಷರ ಬರುತ್ತಿತ್ತು. ನೀವು ಭುಜಂಗಣ್ಣ ಎಂದು ಕರೆಯುವ ನಮ್ಮ ಮನೆಯವರು ಕನ್ನಡಕ ಸರಿ ಮಾಡಿಕೊಂಡು ಓದಿದರು. "ಎಂತ ಬೀಗರು ಮಾರಾಯ್ತಿ? ಅವರು ಕೇಳುವುದು ಇಂಧನ. ಹಡಗಿಗೆ ಹಾಕುವ ಇಂಧನ."

"ಬರೆದವನಿಗೆ ತಲೆ ಸರಿ ಇಲ್ಲ. ಮದುವೆಯಲ್ಲಿ ಎದುರುಗೊಳ್ಳಲು ಯಾರೂ ಹೋಗಲಿಲ್ಲ ಎಂದು ಅವರಿಗೆ ಸಿಟ್ಟು" ಎಂದೆ ನಾನು.

ಮೂರು ಕಂತುಗಳವರೆಗೆ ನಾನು ಆ ಹಿಂದಿ ಅಕ್ಷರಗಳ ಜೊತೆ ಜಗಳ ಮಾಡಿದೆ ಜಾನಕಿಯಕ್ಕ! ನಿಮ್ಮ ಮಾತು ನನ್ನ ಕಿವಿಯಲ್ಲಿ ಹಾಗೇ ಇತ್ತು: "ನೋಡೇ ಜಯಾ, ಬಾಳೆಎಲೆ ಮುಂದೆ ಕೂರಿಸಿ ಅರ್ಧ ಗಂಟೆ ಬಡಿಸಲೇ ಇಲ್ವಂತೆ. ಅದಕ್ಕೇ ಬಾಂಬ್ ಹಾಕ್ತಿದಾರೆ." ಆ ಯುದ್ಧ ನನಗೆ ಅಷ್ಟು ಚೆನ್ನಾಗಿ ಅರ್ಥವಾಗಿತ್ತು. ನಮ್ಮ ನಾದಿನಿಯ ಮದುವೆಯಲ್ಲಿ ಬಾಂಬ್ ಒಂದು ಬಿಟ್ಟು ಎಲ್ಲವೂ ಹಾಗೆಯೇ ಆಗಿತ್ತಲ್ಲ.

ಆಮೇಲೆ ಆ ಯಂತ್ರದ ಮನುಷ್ಯ ಬಂದ. ಹೊಟ್ಟೆಯಲ್ಲಿ ದೀಪ ಮಿಣಮಿಣ ಎನ್ನುವವನು. ಅವನು ಮೊದಲು ಮನುಷ್ಯನೇ ಆಗಿದ್ದ, ಹೆಂಡತಿ ತೀರಿಕೊಂಡ ಮೇಲೆ ಸೊಸೆ ಹೊತ್ತಿಗೆ ಸರಿಯಾಗಿ ಕಾಫಿ ಕೊಡಲಿಲ್ಲ, ಬೇಸತ್ತು ಡಾಕ್ಟರ ಹತ್ತಿರ ಹೋಗಿ ತನ್ನನ್ನು ಯಂತ್ರ ಮಾಡಿಸಿಕೊಂಡ ಎಂದು ನೀವು ಹೇಳಿರಲಿಲ್ಲವೇ? ನೋಡಿದರೆ ಅವನು ಬರೀ ದಾರಿ ಲೆಕ್ಕ ಹಾಕುವ ಯಂತ್ರವಂತೆ! ಹೆಂಡತಿಯೂ ಇಲ್ಲ, ಸೊಸೆಯೂ ಇಲ್ಲ, ಕಾಫಿಯ ಹೆಸರೇ ಇಲ್ಲ. ಶರ್ಮಿಳಾ ಸೋಫಾದಿಂದ ಎದ್ದು ನಿಂತಳು. "ಅತ್ತೇ, ಮದುವೆಯಾದ ವಾರದಲ್ಲೇ ನೀವು ನನಗೆ ಈ ಕಥೆ ಹೇಳಿದ್ದು. ಹದಿನಾರು ವರ್ಷ ನಾನು ಮಾವನಿಗೆ ಏಳು ಗಂಟೆಗೆ ಕಾಫಿ ಕೊಟ್ಟದ್ದು ಹೆದರಿಕೆಯಿಂದ!" ಈಗ ನಮ್ಮ ಮನೆಯವರಿಗೆ ಕಾಫಿ ಸಿಗುವುದು ಎಂಟೂವರೆಗೆ. ಅವರು ನಿಮ್ಮ ಮೇಲೆ ಕೋಪದಲ್ಲಿದ್ದಾರೆ. ಈ ಮನೆಯಲ್ಲಿ ನಿಮ್ಮ ಮೇಲೆ ಕೋಪ ಇರುವುದು ಅವರೊಬ್ಬರಿಗೇ.

ಅನುಷ್ಕಾ ನಕ್ಕು ನಕ್ಕು ನೆಲದ ಮೇಲೆ ಉರುಳಿದಳು. "ಅಜ್ಜಿ, ಜಾನಕಿ ಅಜ್ಜಿ ಕೋ ಇಂಗ್ಲಿಷ್ ಆತೀ ಹೀ ನಹೀ ಥೀ!" ನಿಮಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲವಂತೆ!

ಆಗ ನನಗೆ ನಿಮ್ಮ ಮನೆಯವರ, ರಾಮಚಂದ್ರ ರಾಯರ ನೆನಪಾಯಿತು. ಅವರು ವಿದೇಶಿ ಕಂಪನಿಯಲ್ಲಿದ್ದವರು, ಇಂಗ್ಲಿಷ್ ನೀರು ಕುಡಿದಂತೆ ಬರುತ್ತಿತ್ತು. ನೀವು ಹೇಳುವಾಗ ಅವರು ಮೂಲೆಯಲ್ಲಿ ಪೇಪರ್ ಅಡ್ಡ ಹಿಡಿದು ಕೂತಿರುತ್ತಿದ್ದರು. ಪೇಪರ್ ಗಡಗಡ ಅಲುಗುತ್ತಿತ್ತು. ಫ್ಯಾನಿನ ಗಾಳಿ ಎಂದುಕೊಂಡಿದ್ದೆ ನಾನು. ಎಷ್ಟು ದೊಡ್ಡ ಕಳ್ಳರು ಗಂಡ ಹೆಂಡತಿ ಇಬ್ಬರೂ!

ಇಷ್ಟೇ ಆಗಿದ್ದರೆ ನಾವಿಬ್ಬರೂ ಕೂತು ಒಂದು ಮಧ್ಯಾಹ್ನವಿಡೀ ನಗಬಹುದಿತ್ತು. ನಾನು ನಿಮಗೆ ಫೋನ್ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. ಮುಖತಃ ಹೇಳಿ ತಮಾಷೆ ನೋಡೋಣ ಎಂದು ಹೊಟ್ಟೆಯಲ್ಲೇ ಇಟ್ಟುಕೊಂಡೆ. ಅರಿಶಿನ ಕುಂಕುಮದ ದಿನ ಅಧ್ಯಕ್ಷೆ ಪದ್ಮಾವತಿ "ಹಳೆಯ ಡೊಂಬಿವಲಿಯ ನೆನಪು ಯಾರಾದರೂ ಹೇಳಿ" ಎಂದು ಮೈಕ್ ನೀಡಿದಾಗ ನನ್ನ ಕೈ ನನಗಿಂತ ಮೊದಲು ಹೋಯಿತು. ಬೀಗರ ಕಥೆ ಹೇಳಿದೆ, ಸಭೆ ನಕ್ಕಿತು. ಎರಡನೆಯ ಸಾಲಿನಲ್ಲಿ ನೀವೂ ನಕ್ಕಿರಿ, ನಾನು ನೋಡಿದೆ. ಕಾಫಿಯ ಕಥೆ ಹೇಳಿದೆ, ಇನ್ನೂ ನಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಏನು ಹೋಗುತ್ತಿತ್ತು ನನ್ನ ಗಂಟು? ಚಪ್ಪಾಳೆ ತಲೆಗೇರಿತ್ತು. "ಇಂಗ್ಲಿಷ್ ಬಾರದ್ದಕ್ಕೇ ಇವರಿಗೆ ಬ್ಯಾಂಕಿನಲ್ಲಿ ಎರಡು ಸಲ ಪ್ರಮೋಷನ್ ತಪ್ಪಿದ್ದು!" ಎಂದುಬಿಟ್ಟೆ.

ಇಂಟರ್‌ವ್ಯೂ ಕೋಣೆಯಲ್ಲಿ ಆ ಸಾಹೇಬರು ನಿಮ್ಮ ಉಚ್ಚಾರ ಅಣಕಿಸಿ ನಕ್ಕದ್ದನ್ನು, ನೀವು ಬಾತ್‌ರೂಮಿನಲ್ಲಿ ಮುಖ ತೊಳೆದು ಕೌಂಟರಿಗೆ ವಾಪಸು ಹೋಗಿ ಕೂತದ್ದನ್ನು ನೀವು ರಾಯರಿಗೂ ಹೇಳಿರಲಿಲ್ಲ. ನನಗೊಬ್ಬಳಿಗೆ ಹೇಳಿದ್ದಿರಿ. ಅದನ್ನು ನಾನು ಮೈಕಿನಲ್ಲಿ ಹೇಳಿದೆ. ಅಂದು ಆ ಸಾಹೇಬರು ಮೂವರ ಎದುರು ನಕ್ಕರು, ನಾನು ಐವತ್ತು ಜನರನ್ನು ನಗಿಸಿದೆ. ನಿಮಗೆ ಬಾಗಿನವೆಂದು ಕೊಟ್ಟಿದ್ದ ಸ್ಟೀಲ್ ಡಬ್ಬಿಯನ್ನು ನೀವು ಕುರ್ಚಿಯ ಮೇಲೆ ಇಟ್ಟು, ಸೆರಗು ಸರಿ ಮಾಡಿಕೊಂಡು, ಊಟ ಮಾಡದೆ ಹೋದಿರಿ. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆ ಬಾಗಿನ ಬಿಟ್ಟು ಹೋಗುವುದೆಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾಚಿಕೆಯಾಗುತ್ತದೆ ಅಕ್ಕ. ನನ್ನದು ತಪ್ಪು, ಪೂರ್ತಿ ತಪ್ಪು. ತಮಾಷೆಗೆ ಹೇಳಿದೆ ಎನ್ನುವ ಸಬೂಬನ್ನೂ ಕೊಡುವುದಿಲ್ಲ.

ಈಗ ನನ್ನ ಒಂದು ಬೇಡಿಕೆ. ಕೆಪ್ಲರ್ ವಾಚ್‌ನ ಕೊನೆಯ ಕಂತು ಆಗ ನಾವು ನೋಡಲೇ ಇಲ್ಲ. ಆ ಗುರುವಾರ ದೂರದರ್ಶನದವರು ಏನೋ ಕ್ರಿಕೆಟ್ ಹಾಕಿಬಿಟ್ಟಿದ್ದರು, ನೀವು ಟೀವಿಯ ಬಾಗಿಲನ್ನು ದಡಾರನೆ ಎಳೆದು ಮುಚ್ಚಿದ್ದಿರಿ. ಅದೀಗ ನಮ್ಮ ಟೀವಿಯಲ್ಲಿದೆ. ಅನುಷ್ಕಾ ದಿನಾ ಪೀಡಿಸುತ್ತಾಳೆ, ನಾನು ರಿಮೋಟನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೇನೆ. ನಿಜ ಹೇಳಲೇ? ಬರೆದವರ ಕಥೆ ಸಪ್ಪೆ. ಇಂಧನ ಬೇಕು, ಇಂಧನ ಕೊಡುವುದಿಲ್ಲ, ಇಷ್ಟೇ. ಬೀಗರು ಕೊನೆಗೆ ಊಟಕ್ಕೆ ಕೂತರೋ ಇಲ್ಲವೋ ಎಂದು ನನಗೆ ತಿಳಿಯಬೇಕು, ಅದನ್ನು ನೀವೇ ಹೇಳಬೇಕು. ಮಾರ್ಚ್ ಇಪ್ಪತ್ತಮೂರು, ಭಾನುವಾರ, ನಾಲ್ಕು ಗಂಟೆಗೆ. ಅಂಚೆಯವರಿಗೆ ಎರಡು ವಾರ ಕೊಟ್ಟಿದ್ದೇನೆ. ಅಂದು ಟೀವಿಯ ಸದ್ದು ಬಂದ್, ಕೆಳಗಿನ ಹಿಂದಿ ಅಕ್ಷರವೂ ಬಂದ್. ಹಳಿ ರಿಪೇರಿಯೆಂದು ಲೋಕಲ್ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಇದ್ದರೆ ರಂಜನ್ ಕಾರು ತರುತ್ತಾನೆ. ರಾಯರು ಪೇಪರ್ ತರಲಿ.

ನಿಮ್ಮ ಮೊಮ್ಮಗಳು ಇಂಚರಳ ಪರೀಕ್ಷೆ ಚೆನ್ನಾಗಿ ಆಗಲಿ, ದೇವರು ಅವಳ ನೆನಪಿನ ಶಕ್ತಿಯನ್ನು ಕಾಪಾಡಲಿ ಎಂದು ಹರಸುತ್ತೇನೆ. ನಿಮ್ಮ ಮಂಡಿನೋವು ಕಡಿಮೆಯಾಗಲಿ. ನನ್ನ ಮೇಲಿನ ಸಿಟ್ಟೂ ಅದರ ಜೊತೆಗೇ ಸ್ವಲ್ಪ ಇಳಿಯಲಿ.

ನಿಮ್ಮ ಕಾಲಿಗೆ ಬಿದ್ದು ಕೇಳುತ್ತಿರುವ,
ಜಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಏಳನೆಯ ಕಂತಿನ ವಿಷಯ ಬರೆಯದೆ ಕಳಿಸಲಾರೆ. ಬಿಳಿ ಕೋಟಿನ ಡಾಕ್ಟರಮ್ಮ ಹಡಗಿನ ಕಿಟಕಿಯ ಹತ್ತಿರ ಒಬ್ಬಳೇ ನಿಂತು ಕತ್ತಲೆಯನ್ನು ನೋಡುವ ಭಾಗ. ಆ ವರ್ಷವೇ ನನ್ನ ಮೊದಲ ಹೆಣ್ಣುಮಗು ಹುಟ್ಟಿ ಹನ್ನೊಂದು ದಿನಕ್ಕೆ ಹೋಗಿತ್ತು. ಮನೆಯಲ್ಲಿ ಅದರ ಮಾತೆತ್ತುವಂತಿರಲಿಲ್ಲ, ಇನ್ನೊಂದು ಆಗುತ್ತದೆ ಬಿಡು ಎನ್ನುತ್ತಿದ್ದರು ಎಲ್ಲರೂ. ನಾನೂ ಅತ್ತಿರಲಿಲ್ಲ. ನೀವೇ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಆ ಟೀವಿಯ ಎದುರು ಕೂರಿಸಿದ್ದಿರಿ. ಆ ಡಾಕ್ಟರಮ್ಮ ಬಾಯಿ ತೆರೆದಾಗ ನೀವು ಹೇಳಿದಿರಿ: "ಅವಳ ಮಗು ಹೋಗಿದೆ ಕಣೆ. ಹಡಗಿನಲ್ಲಿ ಎಲ್ಲರೂ ಮರೆತುಬಿಡು ಅಂತಿದಾರೆ. ಯಾಕ್ ಮರೀಲಿ, ಹನ್ನೊಂದೇ ದಿನ ಆದ್ರೂ ನಾನು ಅದರ ತಾಯೀನೇ ಅಂತಿದಾಳೆ." ಅಂದು ನಿಮ್ಮ ಮಡಿಲಲ್ಲಿ ಮುಖವಿಟ್ಟು ಅತ್ತೆ. ಕೆಪ್ಲರ್ ವಾಚ್ ಮುಗಿದು ವಾರ್ತೆ ಬಂದು ಹೋದರೂ ನೀವು ಏಳಲಿಲ್ಲ, ರಾಯರು ತಾವೇ ಅನ್ನಕ್ಕಿಟ್ಟರು.

ನಿನ್ನೆ ಆ ಭಾಗವನ್ನು ಮೂರು ಸಲ ಹಾಕಿಸಿ ಕೇಳಿದೆ. ಅವಳು ಹೇಳುವುದು ಇಷ್ಟೇ: ಆಕ್ಸಿಜನ್ ಇನ್ನು ನಾಲ್ಕು ಗಂಟೆಗೆ ಸಾಕು. ಆಕ್ಸಿಜನ್ ಎಂದು ಎರಡು ಸಲ ಸ್ಪಷ್ಟವಾಗಿ ಹೇಳುತ್ತಾಳೆ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ನೀವೂ ನನ್ನ ಜೊತೆಗೇ ಇದ್ದಿರಿ. ಆಕ್ಸಿಜನ್ ಎಂಬ ಮಾತು ಅಲ್ಲಿ ಕೇಳಿ ಕೇಳಿ ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ನಿಮಗೆ ಅರ್ಥವಾಗಿತ್ತು ಅಕ್ಕ. ಅರ್ಥವಾಗಿಯೇ ನೀವು ಬೇರೆ ಹೇಳಿದಿರಿ.