ಇಲ್ಲದ ಹುಡುಗಿಯ ಮಾತು

ಅಕ್ಟೋಬರ್ 9, ಗುರುವಾರ

ಬ್ಯಾಂಕಿನ ಮೇಡಂ ಇವತ್ತೂ ರಿವರ್ಸ್‌ನಲ್ಲಿ ಕಸದ ತೊಟ್ಟಿಗೆ ಗುದ್ದಿದರು. “ತೊಟ್ಟೀನ ಇಲ್ಲಿ ಯಾರ್ರೀ ಇಟ್ಟಿದ್ದು?” ಎಂದು ನನ್ನನ್ನೇ ಗದರಿದರು. ಡ್ರೈವಿಂಗ್ ಕಲಿಸುವವನ ಹಣೆಬರಹ.

ಮನೆಗೆ ಬಂದರೆ ಊಟದ ಮೇಜು ಕಾಣುತ್ತಿಲ್ಲ. ತುಂಬ ಬ್ರೋಷರು, ಲ್ಯಾಪ್‌ಟಾಪು, ನಡುನಡುವೆ ಕಲ್ಲು. ಮಗಳಿಗೆ ಜಿಯಾಲಜಿ ಓದಬೇಕು. ಚಿಕ್ಕಂದಿನಿಂದ ಕಂಡ ಕಂಡ ಕಲ್ಲನ್ನೆಲ್ಲ ಜೇಬಿಗೆ ತುಂಬಿಕೊಂಡು ಬರುತ್ತಿದ್ದವಳು. ಕಲ್ಲಮ್ಮ ಎಂದು ಹೆಸರಿಟ್ಟವನೇ ನಾನು. ಯಾವ ಯಾವ ಯೂನಿವರ್ಸಿಟಿಗೆ ಅರ್ಜಿ ಹಾಕುವುದು ಎಂದು ಇಬ್ಬರೂ ಕೂತು ನೋಡಿದೆವು.

ಒಂದು ಇಲ್ಲಿಯದೇ, ಬಸ್ಸಿನಲ್ಲಿ ಹೋಗಿ ಬರಬಹುದು. ಎರಡು ಅಕ್ಕಪಕ್ಕದ ಊರಿನವು. ಇನ್ನೊಂದು, ರೈಲಿನಲ್ಲಿ ಇಡೀ ದಿನ ಹಿಡಿಯುವ ಊರಿನದು.

“ಅಪ್ಪ, ಇದೇ ಬೆಸ್ಟು. ಮೊದಲ್ನೇ ವರ್ಷದಿಂದಾನೇ ಬೆಟ್ಟ ಹತ್ತಿಸ್ತಾರೆ.”

ಅವಳಮ್ಮ ಇರುವ ಊರು. ಡೈವೋರ್ಸ್ ಆದಾಗಿನಿಂದ ಅಲ್ಲೇ, ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ಮಗಳು ರಜೆಗೆ ಹೋಗಿ ಬರುತ್ತಾಳೆ. ರಜೆ ಬೇರೆ. ಓದು ಮುಗಿಯುವವರೆಗೆ ಅಲ್ಲೇ ಇರುವುದು ಬೇರೆ...

“ನೋಡೋಣ” ಎಂದೆ.

ಅಕ್ಟೋಬರ್ 12, ಭಾನುವಾರ

ತಿಂಡಿ ತಿನ್ನುತ್ತಾ ಮತ್ತೆ ಆ ಊರಿನ ಮಾತೇ ತೆಗೆದಳು. ನನ್ನ ಬಾಯಿಂದ ಸಲೀಸಾಗಿ ಬಂತು—

“ನನ್ನ ಹತ್ರ ಕಾರು ಕಲಿತ ಹುಡುಗಿ ಒಬ್ಬಳು ಅಲ್ಲೇ ಓದಿದ್ದು. ಲ್ಯಾಬಿಗೆ ಯಾವಾಗ್ಲೂ ಬೀಗವಂತೆ. ಮೇಷ್ಟ್ರುಗಳು ಕ್ಲಾಸಿಗೇ ಬರಲ್ವಂತೆ. ಅರ್ಧಕ್ಕೇ ಬಿಟ್ಟು ಬಂದ್ಲು, ಪಾಪ.”

ಅಂಥ ಹುಡುಗಿ ಯಾರೂ ಇಲ್ಲ.

“ಹೌದಾ? ವೆಬ್‌ಸೈಟಲ್ಲಿ ಹಂಗೇನಿಲ್ವಲ್ಲ.”

“ಅದನ್ನೆಲ್ಲ ವೆಬ್‌ಸೈಟಲ್ಲಿ ಯಾರಮ್ಮ ಬರೀತಾರೆ?”

ಯೋಚಿಸಿದಳು. ಬ್ರೋಷರನ್ನು ಮಡಚಿ ಪಕ್ಕಕ್ಕಿಟ್ಟಳು. ಮುಖ ಸಣ್ಣಗಾಗಿತ್ತು. “ಥ್ಯಾಂಕ್ಸ್ ಅಪ್ಪ. ನೀನು ಹೇಳಿದ್ದು ಒಳ್ಳೇದಾಯ್ತು.”

ಅರ್ಧ ತಿಂದ ತಟ್ಟೆ ಎತ್ತಿಕೊಂಡು ಎದ್ದೆ.

ಅಕ್ಟೋಬರ್ 26, ಭಾನುವಾರ

ಉಳಿದ ಮೂರಕ್ಕೂ ಅರ್ಜಿ ಹೋಯಿತು. ಆ ಬ್ರೋಷರನ್ನು ರದ್ದಿಗೆ ನಾನೇ ಹಾಕಿ ಬಂದೆ. ಮೆಟ್ಟಿಲು ಹತ್ತುವಾಗ ಸ್ವಂತ ಮನೆಗೇ ಕಳ್ಳನ ಹಾಗೆ ಬಂದಂತಿತ್ತು.

ನಾಳೆ ಹೇಳಬೇಕು.

ನವೆಂಬರ್ 4, ಮಂಗಳವಾರ

ಹೇಳಲಿಲ್ಲ.

ನವೆಂಬರ್ 11, ಮಂಗಳವಾರ

ಕ್ಲಾಸಿನ ನಡುವೆ ಅವಳಮ್ಮನ ಫೋನು. ಮೇಡಂಗೆ ಕಾರು ಪಕ್ಕಕ್ಕೆ ಹಾಕಲು ಹೇಳಿ ಇಳಿದು ಮಾತಾಡಿದೆ.

“ಇಲ್ಲಿಗೆ ಅಪ್ಲೈ ಮಾಡಲ್ವಂತೆ. ಯಾಕೆ ಅಂತ ಕೇಳಕ್ಕೆ ಧೈರ್ಯ ಬರ್ಲಿಲ್ಲ ನಂಗೆ. ನಾನಿರೋ ಊರು ಅಂತಾನಾ? ನಿಮ್ಮ ಹತ್ರ ಏನಾದ್ರೂ ಅಂದ್ಲಾ?”

ಹೇಳಿಬಿಡಬಹುದಿತ್ತು. “ಗೊತ್ತಿಲ್ಲ” ಎಂದೆ.

“ಹೋಗ್ಲಿ ಬಿಡಿ. ಬಿಟ್ಟು ಬಂದೋಳು ನಾನು. ಕೇಳೋ ಹಕ್ಕಾದ್ರೂ ಎಲ್ಲಿದೆ?” ದನಿ ಒಡೆಯಿತು. “ಹುಚ್ಚಿ ಥರ ರೂಮು ಬೇರೆ ಖಾಲಿ ಮಾಡಿಟ್ಟಿದ್ದೆ.”

ಕಾರಿಗೆ ಮರಳಿದೆ. “ಯಾಕ್ ಸಾರ್ ಮುಖ ಹಿಂಗೆ? ನಾನಿನ್ನೂ ಎಲ್ಲೂ ಗುದ್ದೇ ಇಲ್ವಲ್ಲ!” ಎಂದರು ಮೇಡಂ.

ನವೆಂಬರ್ 14, ಶುಕ್ರವಾರ

ಅಲ್ಲಿಗೆ ಅರ್ಜಿ ಹಾಕಲು ನಾಳೆ ಕಡೆಯ ದಿನ. ನನಗೆ ಮಾತ್ರ ನೆನಪಿತ್ತು.

ಸಂಜೆ ಕಿಟಕಿಯ ಹತ್ತಿರ ಕಲ್ಲುಗಳ ಧೂಳು ಒರೆಸುತ್ತಿದ್ದಳು. “ಅಮ್ಮ ಯಾಕೋ ಈಗ ಎರಡು ಮಾತಾಡಿ ಫೋನ್ ಇಟ್ಬಿಡ್ತಾಳೆ. ನಾನೇನಾದ್ರೂ ತಪ್ಪು ಮಾಡಿದ್ನಾ ಅಪ್ಪ?”

ಇನ್ನು ತಡೆಯಲಾಗಲಿಲ್ಲ.

“ನೀನಲ್ಲ ಕಣಮ್ಮ. ನಾನು. ಆ ಹುಡುಗಿ... ಅಂಥೋಳು ಯಾರೂ ಇಲ್ಲ.”

“ಯಾವ ಹುಡುಗಿ?”

“ಲ್ಯಾಬಿಗೆ ಬೀಗ ಅಂದೆನಲ್ಲ.”

ಒರೆಸುತ್ತಿದ್ದ ಕೈ ನಿಂತಿತು. “ಸುಳ್ಳಾ? ಯಾಕೆ?”

“ಅಲ್ಲಿಗೆ ಹೋದ್ರೆ ನೀನು ಅಮ್ಮನ ಕಡೆಯೋಳಾಗ್ಬಿಡ್ತೀಯ ಅಂತ.”

“ಕಡೆ ಅಂದ್ರೇನಪ್ಪ? ನಾನೇನು ಕಬಡ್ಡಿ ಆಡ್ತಿದೀನಾ?” ಅಳು ಬಂದಿತ್ತು. “ಹೋಗ್ಬೇಡ ಅಂತ ನೇರವಾಗಿ ಹೇಳಿದ್ರೆ ಜಗಳ ಆಡ್ತಿದ್ದೆ. ಅಷ್ಟೇ ತಾನೇ?”

ಫೋನಿನ ವಿಷಯವನ್ನೂ ಹೇಳಿದೆ.

“ಅಮ್ಮ ಅತ್ತಳಾ?”

“ಹೂಂ.”

“ಕೇಳ್ಕೊಂಡು ಸುಮ್ನಿದ್ಯಾ ನೀನು?” ನನ್ನ ಫೋನನ್ನು ಮೇಜಿನಿಂದ ಎತ್ತಿ ಕೈಗಿಟ್ಟಳು. “ಈಗ್ಲೇ ಮಾಡು. ನನ್ನೆದುರಿಗೆ.”

ಮಾಡಿದೆ. ಒಂದನ್ನೂ ಬಿಡದೆ ಹೇಳಿದೆ. ಆ ಕಡೆಯಿಂದ, “ಅವಳಿಗೆ ಕೊಡಿ.” ಅಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ನವೆಂಬರ್ 15, ಶನಿವಾರ

ನೆಟ್ ಕೈಕೊಟ್ಟು, ಮತ್ತೆ ಬಂದು, ಅರ್ಜಿ ಅಂತೂ ಹೋಯಿತು. ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಕರೆಯಲಿಲ್ಲ. ಅಮ್ಮನ ಜೊತೆ ಫೋನಿನಲ್ಲಿ ಓದಿ ಓದಿ ತುಂಬಿದಳು. ಒಮ್ಮೆ ಇಬ್ಬರೂ ನಕ್ಕಿದ್ದು ಕೇಳಿಸಿತು. ಹೊಟ್ಟೆ ಉರಿಯಿತು. ಇಷ್ಟಾದರೂ ಉರಿಯಿತು. ಎಂಥ ಮನುಷ್ಯ ನಾನು.

ಡಿಸೆಂಬರ್ 18

ಮಾತು ಎಷ್ಟು ಬೇಕೋ ಅಷ್ಟೇ. ಊಟ ಆಯ್ತಾ, ಕೀ ಎಲ್ಲಿ, ಬರೋದು ಲೇಟು. ಕಲ್ಲಮ್ಮ ಎಂದು ಕರೆಯಲು ಬಾಯಿ ಬರುತ್ತಿಲ್ಲ.

ಮಾರ್ಚ್ 20, ಶುಕ್ರವಾರ

ಇಲ್ಲೂ ಸೀಟು ಸಿಕ್ಕಿತು, ಅಲ್ಲೂ. ಚಪ್ಪಲಿ ಬಿಡುವ ಮೊದಲೇ ಹೇಳಿದಳು—

“ಅಲ್ಲಿಗೇ ಹೋಗ್ತೀನಿ. ಹಾಸ್ಟೆಲ್ಲಲ್ಲಿರ್ತೀನಿ, ಅಮ್ಮಂಗೂ ಹೇಳಿದೀನಿ. ನಿಮ್ಮಿಬ್ಬರಿಗೋಸ್ಕರ ಅಲ್ಲ. ಕಲ್ಲಿಗೋಸ್ಕರ.”

ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಎಷ್ಟು ಕಾಲವಾಗಿತ್ತು.

ಜೂನ್ 21, ಭಾನುವಾರ, ಸಂಜೆ

ನಾಳೆ ಬೆಳಗಿನ ರೈಲು. ಅಲ್ಲಿಯ ಸ್ಟೇಷನ್ನಿಗೆ ಅವಳಮ್ಮ ಬರುತ್ತಾಳಂತೆ.

ಈಗೀಗ ನಾನು ಏನು ಹೇಳಿದರೂ ಮಗಳು ಒಂದು ಕ್ಷಣ ಮುಖ ನೋಡುತ್ತಾಳೆ. ರೈಲಿನ ಟೈಮ್ ಹೇಳಿದೆ. ಹೂಂ ಅಂದಳು, ಆಮೇಲೆ ಫೋನಿನಲ್ಲಿ ತಾನೇ ನೋಡಿಕೊಂಡಳು. ಚುಚ್ಚಬೇಕೆಂದಲ್ಲ. ಅಭ್ಯಾಸವಾಗಿದೆ. ನಾನೇ ಕಲಿಸಿದ್ದು.

ಈಗ ತಾನೇ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಾ ಕೇಳಿದಳು, “ಒಬ್ನೇ ಇರ್ತೀಯಲ್ಲ ಅಪ್ಪ. ತೊಂದ್ರೆ ಇಲ್ಲ ತಾನೇ?”

“ಏನಿಲ್ಲ. ಆರಾಮಾಗಿರ್ತೀನಿ.”

ಜಿಪ್ ಅರ್ಧಕ್ಕೆ ನಿಂತಿತು. ಮುಖ ನೋಡಿದಳು. “ನಿಜ ಹೇಳು.”

ಹಾಲು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಬಂದುಬಿಟ್ಟೆ. ಒಲೆಯ ಮೇಲೆ ಹಾಲಿಲ್ಲ. ಈ ಡೈರಿ ಕಟ್ಟೆಯ ಮೇಲೇ ಇತ್ತು. ನಿಂತೇ ಬರೆಯುತ್ತಿದ್ದೇನೆ. ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಖಾಲಿ ಒಲೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಅಪ್ಪ...”

ಹೇಳಬೇಕು, ಒಬ್ಬನೇ ಇರಲು ಭಯ ಎಂದು. ಈ ಸಲವಾದರೂ—