ನಾಲ್ಕೂಮುಕ್ಕಾಲು ಅಡಿ

ಅತ್ತೆಯವರಿಗೆ ನಮಸ್ಕಾರ.

ಹೊಸ ಮನೆಯ ನಕ್ಷೆ ನೋಡಿ "ಚೆನ್ನಾಗಿದೆಯಮ್ಮ" ಎಂದಷ್ಟೇ ಹೇಳಿ ಮಗಳ ಮನೆಗೆ ಹೊರಟುಬಿಟ್ಟಿರಿ. ಯಾಕೆಂದು ನಿನ್ನೆ ಗೊತ್ತಾಯಿತು.

ನಾನು ನಕ್ಷೆ ಬರೆಯುವ ಸಾಫ್ಟ್‌ವೇರ್ ಮಹಾ ಹಟಮಾರಿ. ಒಂದು ಗೋಡೆ ಸರಿಸಿದರೆ ಮೂರು ಬಾಗಿಲು ಮಾಯವಾಗುತ್ತವೆ. ಆದರೆ ಕಟ್ಟುವ ಮೊದಲೇ ಕಂಪ್ಯೂಟರಿನ ಪರದೆಯಲ್ಲಿ ಮನೆಯೊಳಗೆ ಗೊಂಬೆಯೊಂದನ್ನು ಓಡಾಡಿಸಿ ನೋಡಬಹುದು. ಆ ಗೊಂಬೆ ಆರಡಿಯ ಗಂಡಸು. ನಿನ್ನೆ ಅದನ್ನು ನಿಮ್ಮ ಎತ್ತರಕ್ಕೆ, ನಾಲ್ಕೂಮುಕ್ಕಾಲು ಅಡಿಗೆ ಇಳಿಸಿದೆ. ಅಡುಗೆಮನೆಯ ಒಂದು ಶೆಲ್ಫೂ ಅದರ ಕೈಗೆಟುಕಲಿಲ್ಲ.

ಎಲ್ಲವನ್ನೂ ತಗ್ಗಿಸಿದ್ದೇನೆ. "ನನ್ನ ತಲೆಗೆ ಬಡಿಯುತ್ತಲ್ಲೇ" ಎಂದರು ನಿಮ್ಮ ಮಗ. "ಬಗ್ಗೋದು ಕಲೀರಿ" ಎಂದೆ.

ನೆಲದಿಂದ ನಿಮ್ಮ ಮೊಣಕೈವರೆಗೆ ಎಷ್ಟು ಇಂಚು ಎಂದು ನಾದಿನಿಯ ಕೈಲಿ ಅಳೆಸಿ ತಿಳಿಸಿ. ಒಲೆಯ ಕಟ್ಟೆ ಅದರ ಲೆಕ್ಕದಲ್ಲೇ ಏಳುತ್ತದೆ. ಇಷ್ಟು ವರ್ಷ ಅಡುಗೆಮನೆಯಲ್ಲಿ ನೀವು ಹತ್ತಿ ಇಳಿದ ಸ್ಟೂಲನ್ನು ಮಾತ್ರ ಹೊಸ ಮನೆಗೆ ತರುವುದಿಲ್ಲ.

ಇಂತಿ,
ನಿಮ್ಮ ಸೊಸೆ